ಹೆಂಚಿನ ಮೇಲಿನ ಚೆಲುವಣ್ಣ

ಚೆಲುವಣ್ಣನಿಗೆ ‘ಬಂತು’ ಎಂಬ ಮಾತಿನ ಮೇಲೆ ನಂಬಿಕೆಯೇ ಇರಲಿಲ್ಲ. ಅವನು ಹೆಂಚಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಆಂಟೆನಾದ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಇಷ್ಟಿಷ್ಟೇ ತಿರುಗಿಸುತ್ತಿದ್ದ. ಕೆಳಗೆ ಟೀವಿಯ ಮುಂದೆ ಮನೆಯವರಲ್ಲಿ ಒಬ್ಬರು ನಿಂತು, ಚಿತ್ರ ಮೂಡಿದಾಗ ‘ಬಂತು’ ಎಂದೂ ಮಾಯವಾದಾಗ ‘ಹೋಯ್ತು’ ಎಂದೂ ಕಿಟಕಿಯಿಂದ ಕೂಗಬೇಕಿತ್ತು. ಡಿಶ್ ಬರುವುದಕ್ಕೆ ಮುಂಚೆ ಎಲ್ಲ ಊರಲ್ಲೂ ಇದೇ ಪದ್ಧತಿ. ಬೇರೆಯವರು ‘ಬಂತು’ ಕೇಳಿದ ಕೂಡಲೇ ಬೋಲ್ಟು ಬಿಗಿದು ಇಳಿದುಬಿಡುತ್ತಿದ್ದರಂತೆ. ಚೆಲುವಣ್ಣ ಅಲ್ಲಿಂದ ವಿಚಾರಣೆ ಶುರು ಮಾಡುತ್ತಿದ್ದ.

“ಬಂತು ಅಂದ್ರೆ ಏನ್ ಬಂತು?”

“ಚಿತ್ರ ಬಂತು.”

“ಚಿತ್ರದೊಳಗೆ ಯಾರವ್ರೆ?”

“ವಾರ್ತೆ ಓದೋಳು.”

“ಅವ್ಳ ಮೊಕ ಒಂದದಾ, ಎರಡದಾ? ಪಕ್ಕದಲ್ಲಿ ಇನ್ನೊಬ್ಳು ದೆವ್ವದಂಗೆ ನಿಂತಿಲ್ಲ ತಾನೆ? ಕಿವಿ ಓಲೆ ಕಾಣ್ತದಾ? ಯೋಳಿ ಮತ್ತೆ!”

ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಆ ಕೂಗುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ತವರು ವೀರನಹೊಸಹಳ್ಳಿ, ಕಾಡಿನ ಅಂಚು. ಕೊಟ್ಟಿದ್ದು ಚುಂಚನಕಟ್ಟೆಯ ನಾಲೆಯ ಬಯಲಿಗೆ, ಭತ್ತದ ಗದ್ದೆಗಳ ನಡುವೆ. ನನ್ನ ಯಜಮಾನರು ಹಾಲಿನ ವ್ಯಾನ್ ಓಡಿಸುತ್ತಿದ್ದರು; ಬೆಳಿಗ್ಗೆ ಹೋದರೆ ಮಧ್ಯಾಹ್ನವೇ ಬರುವುದು. ಅತ್ತೆಗೆ ಕೂಗಲು ಗಂಟಲಿಲ್ಲ. ಮಾವ ತಮ್ಮೇಗೌಡರು, ಗಂಡಸರು ಟೀವಿ ಮುಂದೆ ನಿಂತು ಅರಚುವುದು ಗೌರವವಲ್ಲ ಎಂದು ಜಗಲಿಯಲ್ಲಿ ಕೂತಿರುತ್ತಿದ್ದರು. ಹಾಗಾಗಿ ನಾನೇ ನಿಂತೆ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಮೇಲೆ ಈ ಮನುಷ್ಯನ ವಿಚಾರಣೆ ಮುಗಿಯುತ್ತಲೇ ಇರಲಿಲ್ಲ. ಸಾಕಾಗಿ, ಪರದೆಯ ಮೇಲೆ ಬರೀ ಅಕ್ಕಿ ಉದುರುತ್ತಿದ್ದರೂ “ಬಂತು ಕಣಣ್ಣಾ, ಚೆನ್ನಾಗ್ ಬಂತು” ಎಂದು ಕೂಗಿಬಿಟ್ಟೆ.

ಮೇಲೆ ಹೆಂಚು ಕಿರುಗುಟ್ಟಿತು. ಆಮೇಲೆ ಸೂರಿನಂಚಿನಿಂದ ಅವನ ತಲೆ ತಲೆಕೆಳಗಾಗಿ ಕಿಟಕಿಯಲ್ಲಿ ಇಣುಕಿತು.

“ಅಕ್ಕಾ, ನಾನೀಗ ಪೈಪ ಚುಂಚನಕಟ್ಟೆ ಕಡೀಕ್ ತಿರುಗ್ಸಿವ್ನಿ. ಆ ಕಡೆಯಿಂದ ನೀರ್ ಬತ್ತದೆ, ಚಿತ್ರ ಬರಕಿಲ್ಲ.”

ಬೇಕೆಂದೇ ತಪ್ಪು ದಿಕ್ಕಿಗೆ ತಿರುಗಿಸಿ ಕೇಳುವುದು ಅವನ ಉಪಾಯ. ಕೂಗುವವರು ಸತ್ಯವಂತರೋ ಅಲ್ಲವೋ ಎಂದು ತಿಳಿಯದೆ ಅವನು ಕೆಲಸಕ್ಕೇ ಕೈ ಹಾಕುತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ನಗುವೂ ಬಂತು. ನಾನೂ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಸೊಪ್ಪಿನವಳು ತಾಜಾ ಎಂದರೆ ಕಟ್ಟು ಬಿಚ್ಚಿ ನೋಡುತ್ತೇನೆ. ಗಂಡನ ಮನೆಯಲ್ಲಿ ನನ್ನ ಜಾತಿಯ ಒಬ್ಬ ಮನುಷ್ಯ ಸಿಕ್ಕಿದ ಎಂದು ಅವತ್ತು ಅನ್ನಿಸಿದ್ದು ಸುಳ್ಳಲ್ಲ.

ಹಾಗೆ ಹೇಳಿದೆನೇ ಹೊರತು, ಜಾತಿ ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಅವನ ವಿಷಯಕ್ಕೆ ಯಾರೂ ತಮಾಷೆಗೆ ಆಡುತ್ತಿರಲಿಲ್ಲ. ಚೆಲುವಣ್ಣನ ಮನೆ ಊರಾಚೆಯ ಕೇರಿಯಲ್ಲಿತ್ತು. ನಮ್ಮ ಹೆಂಚಿನ ಮೇಲೆ ಅವನು ಮೂಲೆಯಿಂದ ಮೂಲೆಗೆ ಓಡಾಡಿದ್ದಾನೆ, ಆದರೆ ಜಗಲಿ ದಾಟಿ ಒಳಗೆ ಕಾಲಿಟ್ಟವನಲ್ಲ. ವೈರನ್ನು ಕಿಟಕಿಯ ತನಕ ತಂದು ಬಿಡುತ್ತಿದ್ದ. ಅಲ್ಲಿಂದ ಟೀವಿಗೆ ಮನೆಯವರೇ ಎಳೆದುಕೊಳ್ಳಬೇಕು. ಕಾಫಿ ಜಗಲಿಗೇ ಹೋಗುತ್ತಿತ್ತು. ಊರಿಗೆಲ್ಲ ಟೀವಿ ಕಾಣಿಸಿದವನು ತಾನು ಕೂರಿಸಿದ ಚಿತ್ರವನ್ನು ಕಂಡಿದ್ದು ನಮ್ಮ ಮಾತಿನಲ್ಲಿ ಮಾತ್ರ. ಅಷ್ಟೊಂದು ಕೆದಕಿ ಕೇಳುತ್ತಿದ್ದುದು ಅದಕ್ಕೇ ಎಂದು ನನಗೆ ಹೊಳೆದದ್ದು ಸ್ವಲ್ಪ ತಡವಾಗಿ.

ಎಲ್ಲರೂ ಅವನನ್ನು ‘ಲೇ ಚೆಲ್ವ’ ಎನ್ನುತ್ತಿದ್ದರು. ನಮ್ಮಣ್ಣನಿಗಿಂತ ದೊಡ್ಡವನು ಎಂದು ನಾನು ಅಣ್ಣ ಎಂದೆ. ಅತ್ತೆ ಹುಬ್ಬೇರಿಸಿದರು, ಕಾಡಿನ ಕಡೆಯವರಿಗೆ ನಯನಾಜೂಕು ತಿಳಿಯದು ಎಂದುಕೊಂಡು ಸುಮ್ಮನಾದರು.

ಎತ್ತರದ ಆಳು, ಮೈಯಲ್ಲಿ ಮಾಂಸವಿಲ್ಲ. ಕಾಕಿ ಚಡ್ಡಿ, ತೋಳು ಮಡಚಿದ ಅಂಗಿ. ಅಲ್ಯೂಮಿನಿಯಂ ಕಡ್ಡಿಗಳನ್ನು ಸೈಕಲ್ಲಿನ ಉದ್ದಕ್ಕೂ ಕಟ್ಟಿಕೊಂಡು ಬರುತ್ತಿದ್ದ. ಸ್ಪ್ಯಾನರಿಗೆ ದಾರ ಕಟ್ಟಿ ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದ. ಕೈಜಾರಿ ಯಾರ ತಲೆ ಮೇಲಾದರೂ ಬಿದ್ದೀತೆಂದು ಇರಬೇಕು ಎಂದುಕೊಂಡಿದ್ದೆ. ಕೇಳಿದರೆ, “ಕೆಳೀಕ್ ಬಿದ್ರೆ ಬೀಳ್ಲಿ ಬುಡಕ್ಕ, ಎತ್ಕಂಡೋರು ವಾಪಸ್ ಕೊಡಬೇಕಲ್ಲ” ಎಂದ. ಹತ್ತುವ ಮುಂಚೆ ಮನೆಯವರನ್ನು ಅಂಗಳಕ್ಕೆ ಕರೆದು, ಒಡೆದ ಹೆಂಚುಗಳನ್ನೆಲ್ಲ ಕೋಲಿನಿಂದ ತೋರಿಸುತ್ತಿದ್ದ. “ಇದು ಮೊದ್ಲೇ ಒಡ್ದಿರೋದು, ನೋಡ್ಕಳಿ. ಆಮ್ಯಾಕೆ ಚೆಲ್ವ ತುಳ್ದ ಅನ್ಬ್ಯಾಡಿ.” ಕೆಲಸ ಮುಗಿಸಿ ಪೈಪು ಮತ್ತು ಅದನ್ನು ಹಿಡಿದ ಕ್ಲಾಂಪು ಎರಡರ ಮೇಲೂ ಸೇರುವಂತೆ ಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಯಾರಾದರೂ ಪೈಪು ಅಲುಗಿಸಿದರೆ ಗೆರೆ ಮುರಿದು ಎರಡಾಗುತ್ತದೆ. ಕಾಗೆ ಕೂತು ತಿರುಗಿರಬಹುದು ಎಂದರೆ, “ಅಂಥಾ ಕಾಗೆ ಯಾವೂರಿಂದ ಬಂದದಕ್ಕ? ಅದುಕ್ಕೂ ಒಂದ್ ಎಸ್ರಿರ್ತದೆ” ಎನ್ನುತ್ತಿದ್ದ.

ಅವನು ಸ್ವಂತ ಏಣಿ ಇಟ್ಟುಕೊಂಡಿರಲಿಲ್ಲ. ಏಣಿ ಮನೆಯವರದ್ದೇ ಆಗಬೇಕು, ಮನೆಯವರೇ ತಂದು ಸೂರಿಗೆ ಆನಿಸಬೇಕು. “ನೀವು ಏಣಿ ಕೊಟ್ರೆ ನಾನು ಅತ್ತುದ್ದು ನಿಮ್ ಒಪ್ಗೇಲಿ ಅಂತಾಯ್ತದೆ. ನಾನೇ ಏಣಿ ತಂದು ಅತ್ತಿದ್ರೆ ಕಳ್ಳನಾಯ್ತೀನಿ,” ಎಂದು ಅದಕ್ಕೆ ವಿವರಣೆ ಕೊಟ್ಟಿದ್ದ. ಸುತ್ತಿನ ಊರುಗಳೆಲ್ಲ ಈ ಕಟ್ಟಳೆಗೆ ಒಗ್ಗಿಹೋಗಿದ್ದವು. ಚೆಲುವನಿಗೆ ಏಣಿ ಹಾಕಿದ್ದಾರೆ ಎಂದರೆ ಆ ಮನೆಯಲ್ಲಿ ಇವತ್ತು ಟೀವಿ ಸರಿಯಾಗುತ್ತದೆ ಎಂದು ಅರ್ಥ.

ಹೆಂಚಿನ ಮೇಲಿಂದ ಎಲ್ಲರ ಹಿತ್ತಲೂ ಕಾಣುತ್ತದೆ. ಯಾರ ಹುಲ್ಲಿನ ಮೆದೆಯ ಹಿಂದೆ ಏನಿದೆ, ಯಾರ ಕೋಳಿ ಯಾರ ಮನೆಯ ಪುಟ್ಟಿಯಡಿ ಕೂತಿದೆ, ಅವನಿಗೆ ಗೊತ್ತಿರಲೇಬೇಕು ಎಂದು ಊರಿನ ಲೆಕ್ಕಾಚಾರ. ಒಮ್ಮೆ ನಮ್ಮ ಪಂಪಿನ ಫುಟ್‌ವಾಲ್ವ್ ಕಾಣೆಯಾಯಿತು. ಮಾವನಿಗೆ ಮುಂದಲ ಮನೆಯ ನಿಂಗೇಗೌಡರ ಮೇಲೆ ಗುಮಾನಿ. ಚೆಲುವಣ್ಣ ಹಿಂದಿನ ದಿನ ತಾನೇ ಅವರ ಮನೆಯ ಮೇಲಿದ್ದ. ಮಾವ ಅವನನ್ನು ಜಗಲಿಯ ಬುಡದಲ್ಲಿ ನಿಲ್ಲಿಸಿ ಏನು ಕಂಡೆ ಎಂದು ನಾನಾ ಥರ ಕೇಳಿದರು. ಅವನದು ಒಂದೇ ಮಾತು: “ಕಂಡುದ್ದೆಲ್ಲಾ ಬಿತ್ತರ್ಸಕ್ಕೆ ನಾನೇನ್ ರೇಡ್ಯೋನಾ ಗೌಡ್ರೇ?” ಆಮೇಲೆ ನಿಂಗೇಗೌಡರೂ ಅವನನ್ನು ಹಿಡಿದು, ತಮ್ಮೇಗೌಡನ ಹತ್ತಿರ ಏನು ಹೇಳಿದೆ ಎಂದು ಕೇಳಿದರಂತೆ. ಅಲ್ಲೂ ಅದೇ ಉತ್ತರ. ಫುಟ್‌ವಾಲ್ವ್ ಕೊನೆಗೆ ನಾಲೆಯ ಕೆಸರಿನಲ್ಲೇ ಸಿಕ್ಕಿತು. ಆದರೂ ಚೆಲುವ ಇನ್ನೊಬ್ಬನ ಕಡೆಯವನು ಎಂಬ ಅನುಮಾನ ಎರಡೂ ಮನೆಯಲ್ಲಿ ಉಳಿದೇ ಹೋಯಿತು.

ಈ ನಾಲೆ ಬಯಲಿನವರ ಅನುಮಾನದ ಪರಿಯೇ ಬೇರೆ. ನಮ್ಮ ತವರಿನ ಕಡೆ ಅನುಮಾನವೆಲ್ಲ ಆನೆಯ ಮೇಲೆ; ಮನುಷ್ಯರು ಒಬ್ಬರಿಗೊಬ್ಬರು ಆಗಲೇಬೇಕು. ಇಲ್ಲಿ ನೀರು ಮೇಲ್ಗದ್ದೆಯಿಂದ ಕೆಳಗದ್ದೆಗೆ ಇಳಿಯುತ್ತದೆ. ಹಾಗಾಗಿ ಕೆಳಗಿನವನಿಗೆ ಸದಾ ಮೇಲಿನವನ ಮೇಲೆ ಕಣ್ಣು. ಟೀವಿ ಬಂದಾಗ ಇವರು ಚಿತ್ರವನ್ನೂ ನೀರಿನ ಲೆಕ್ಕಕ್ಕೇ ಸೇರಿಸಿದರು. ಚಿತ್ರ ಮೈಸೂರಿನಿಂದ ಹೊರಟು ಬರುತ್ತದೆ; ದಾರಿಯಲ್ಲಿ ಮೊದಲು ಯಾರ ಆಂಟೆನಾ ಇದೆಯೋ ಅವರು ಹೊಟ್ಟೆ ತುಂಬ ಕುಡಿಯುತ್ತಾರೆ; ಮಿಕ್ಕಿದ್ದು ಹಿಂದಿನವರಿಗೆ. ನಿಂಗೇಗೌಡರ ಮನೆ ನಮಗೆ ಮೈಸೂರು ದಿಕ್ಕಿನಲ್ಲಿತ್ತು. ಮಾವನ ಕಣ್ಣಿಗೆ ಅದು ಮೇಲ್ಗದ್ದೆ.

“ಇದು ನೀರಲ್ಲ ಕಣ್ರೀ ಗೌಡ್ರೇ, ಬಿಸ್ಲಿದ್ದಂಗೆ,” ಎಂದು ಚೆಲುವಣ್ಣ ಒಮ್ಮೆ ಬಿಡಿಸಿ ಹೇಳಿದ. “ನಿಂಗೇಗೌಡ್ರು ಮೆಣಸಿನಕಾಯಿ ಒಣಾಕುದ್ರೆ ನಿಮ್ಮಂಗ್ಳದ ಬಿಸ್ಲು ಕಮ್ಮಿಯಾಯ್ತದಾ?”

ಮಾವ ಯೋಚಿಸಿದರು. “ಅವ್ನು ಮುಂದ್ಕೆ ಎತ್ರಕ್ಕೆ ಗ್ವಾಡೆ ಎಬ್ಬುಸ್ಬುಟ್ರೆ ಬಿಸ್ಲೂ ಬರಕಿಲ್ವಲ್ಲಾ?”

ಚೆಲುವಣ್ಣ ಏಣಿ ಕೇಳಿದ. ನಮ್ಮ ಪೈಪು ಇನ್ನಷ್ಟು ಎತ್ತರವಾಯಿತು. ಅದನ್ನು ನೋಡಿ ನಿಂಗೇಗೌಡರದೂ ಎತ್ತರವಾಯಿತು.

ಚೆಲುವಣ್ಣನ ಅಪ್ಪ ನೀರುಗಂಟಿಯಾಗಿದ್ದವನು. ಸರದಿಯ ಮೇಲೆ ಒಬ್ಬೊಬ್ಬರ ಗದ್ದೆಗೂ ತೂಬು ತೆಗೆದು ನೀರು ಹಾಯಿಸುವುದು ನೀರುಗಂಟಿಯ ಕೆಲಸ. ನೀರು ಬರದವರು ‘ತಡೆದ’ ಎನ್ನುತ್ತಿದ್ದರು. ಜಗಳವಾಡಿದ ಮೇಲೆ ಬಂದರೆ ‘ನೋಡಿದ್ರಾ, ತಡೆದಿದ್ದ, ಗದರಿಸಿದ್ದಕ್ಕೆ ಬಿಟ್ಟ’ ಎನ್ನುತ್ತಿದ್ದರು. ಒಂದು ಬೇಸಿಗೆ ಊರವರೆಲ್ಲ ಸೇರಿ ಅವನ ಕೈಯಿಂದ ಮಣ್ಣು ಸರಿಸುವ ಸನಿಕೆ ಕಿತ್ತುಕೊಂಡರಂತೆ. ಆಮೇಲೆ ಆ ಮನುಷ್ಯ ನಾಲೆ ಏರಿಯ ಮೇಲೆ ಕಾಲಿಡಲೇ ಇಲ್ಲ. ಚೆಲುವಣ್ಣ ಇದನ್ನು ನನಗೆ ಹೇಳಿದ್ದು ಲೋಟದ ಕಾಫಿ ಆರಿಸುತ್ತಾ, ಬೇರೆ ಯಾರದೋ ಮನೆಯ ಸುದ್ದಿ ಹೇಳುವವನಂತೆ. “ಗಾಳೀಲ್ ಬರೋದ್ನ ಯಾರೂ ನೀನ್ ತಡ್ದೆ ಅನ್ನಕಾಗಕಿಲ್ಲ ಅಂದ್ಕಂಡೆ ಕಣಕ್ಕ. ಅದ್ಕೇ ಈ ಕಸಬು ಇಡ್ದೆ,” ಎಂದ.

ಮೊದಲ ಹೆರಿಗೆಗೆ ತವರಿಗೆ ಹೋದವಳು ಮಗುವನ್ನೆತ್ತಿಕೊಂಡು ಹಿಂತಿರುಗುವಷ್ಟರಲ್ಲಿ ಅವನ ಲೆಕ್ಕ ತಪ್ಪಿಹೋಗಿತ್ತು.

ನಡೆದದ್ದನ್ನು ಅತ್ತೆ ಹೇಳಿದರು. ನಿಂಗೇಗೌಡರು ಹೊಸದಾಗಿ ದೊಡ್ಡ ಆಂಟೆನಾ ಹಾಕಿಸಿದ್ದಾರೆ, ಮೀನಿನ ಮುಳ್ಳಿನಂತೆ ಮೈತುಂಬ ಕಡ್ಡಿ. ಕೂರಿಸಿದವನು ಚೆಲುವನೇ. ಅದಾದ ಮೇಲೆ ನಮ್ಮ ಮನೆಯ ಚಿತ್ರ ಹೋಗೇ ಹೋಯಿತು. ಮಾವ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ, ಕ್ಯಾನು ಹಿಡಿದು ನಿಂತ ಊರವರ ಎದುರಿಗೇ ಅವನನ್ನು ತಡೆದು ನಿಲ್ಲಿಸಿದರಂತೆ: “ನೀರ್ ಬುಡೋನ್ ಮಗ ಕಣ್ಲಾ ನೀನು. ನಿಮ್ಮಪ್ಪ ತೂಬು ತಡ್ದ, ನೀನು ಚಿತ್ರ ತಡ್ದೆ. ಯಾರಿಗೋ ಬುಡಕ್ಕೆ ನಮ್ದು ತಿರುಗ್ಸಿದ್ದೀಯೆ, ಕಳ್ಳ ನನ್ಮಗನೆ.” ಸುಣ್ಣದ ಗೆರೆ ನೋಡಿ, ಮುರಿದಿಲ್ಲ ಎಂದು ಅವನು ಬೇಡಿಕೊಂಡ. ಮಾವ ತಾವೇ ಹತ್ತಿ ನೋಡಿದರು. ಗೆರೆ ಸರಿಯಾಗೇ ಇತ್ತು. ಇಳಿದು ಬಂದು, “ಗೆರೆ ಎಳ್ದೋನೂ ಇವ್ನೇ ಅಲ್ವಾ? ತಿರುಗ್ಸಿ ಇನ್ನೊಂದ್ಸಲ ಎಳ್ದವ್ನೆ” ಎಂದರು. ಹಾಗಾದರೆ ನಿಂಗೇಗೌಡರ ಆಂಟೆನಾ ಒಂದು ಗಳಿಗೆ ಇಳಿಸಿ ನೋಡೋಣ, ಆಗ ನಿಮ್ಮ ಚಿತ್ರ ಬಂದರೆ ನಾನು ಕಳ್ಳ ಎಂದ ಚೆಲುವಣ್ಣ. ಇಳಿಸಿದರೆ ಮತ್ತೆ ಏರಲು ಬಿಡುವುದಿಲ್ಲ, ಇದು ತಮ್ಮೇಗೌಡ ಹೂಡಿದ ಆಟ ಎಂದು ನಿಂಗೇಗೌಡರು ಒಪ್ಪಲಿಲ್ಲ. ಕೊನೆಗೆ ಡೈರಿಯ ಮುಂದೆ ಎಲ್ಲರೂ ಒಂದು ತೀರ್ಮಾನಕ್ಕೆ ಬಂದರು. ಇನ್ನು ಮೇಲೆ ಚೆಲುವನಿಗೆ ಯಾರೂ ಏಣಿ ಕೊಡಬಾರದು.

ಸುದ್ದಿ ಹಾಲಿನ ಕ್ಯಾನಿನ ಜೊತೆ ಪಕ್ಕದ ಊರಿಗೂ ಹೋಯಿತು. ಅಲ್ಲೂ ಏಣಿಗಳು ಕೊಟ್ಟಿಗೆ ಸೇರಿದವು. ಅಪ್ಪನ ಸನಿಕೆ ಹೋದ ಹಾಗೆ ಮಗನ ಏಣಿ ಹೋಯಿತು. ಅತ್ತೆ ಇದನ್ನೆಲ್ಲ ಮಗುವಿನ ಕಾಲಿಗೆ ಎಣ್ಣೆ ತಿಕ್ಕುತ್ತಾ ಹೇಳಿದರು. ನನಗೆ ಸಂಕಟವಾಯಿತು. ನಿಜ ಹೇಳಬೇಕೆಂದರೆ, ಇವನು ಹಾಗೆ ಮಾಡಿರಬಹುದೇ ಎಂದು ಒಂದು ಸಲ ನಾನೂ ಯೋಚಿಸಿದೆ. ನನ್ನ ಬುದ್ಧಿಯೇ ಹಾಗೆ. ಆದರೆ ತನ್ನ ಗೆರೆಯ ಮೇಲೇ ಗೆರೆ ಎಳೆದು ಮೋಸ ಮಾಡುವಷ್ಟು ಧೈರ್ಯ, ಎಲ್ಲರೂ ತನ್ನನ್ನು ನೋಡುತ್ತಿದ್ದಾರೆ ಎಂದುಕೊಂಡವನಿಗೆ ಎಲ್ಲಿಂದ ಬರಬೇಕು?

ನಾನು ಬಂದಿದ್ದು ತಿಳಿದು ಅವನು ಬಂದ. ಮಾವ ಗದ್ದೆಯಲ್ಲಿದ್ದರು. ಸೈಕಲ್ಲಿನಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಜಗಲಿಯಿಂದ ದೂರ, ಬೀದಿಯಲ್ಲೇ ನಿಂತ.

“ಏಣಿ ಕೇಳಕ್ ಬರ್ನಿಲ್ಲಕ್ಕ. ಮ್ಯಾಲೆ ಎಲ್ಲಾ ಸರ್ಯಾಗದೆ, ಇಲ್ಲಿಂದ್ಲೇ ಕಾಣ್ತದೆ. ಕಿಟಕಿಯಿಂದ ಒಳೀಕೆ ಏನಾಗದೋ ಅದು ನಂಗೆ ಕಾಣಕಿಲ್ಲ. ಅಮ್ಮಾರ್ನ ಕೇಳ್ದೆ, ಏನೂ ಮುಟ್ಟಿಲ್ಲ ಅಂದ್ರು. ನೀವೊಂದ್ಸಲ ನೋಡಿ ಯೋಳಿ. ವೈರು ಎಲ್ಲೆಲ್ಲಿ ಓಯ್ತದೆ ಅಂತ, ಒಂದೂ ಬುಡ್ದಂಗೆ.”

ನಾನು ಕಿಟಕಿಯಿಂದ ಶುರು ಮಾಡಿ ಕೂಗುತ್ತಾ ಹೋದೆ. ಚಪ್ಪಟೆ ವೈರು ಕಿಟಕಿಯ ಸರಳು ದಾಟಿ ಒಳಗೆ ಬಂದಿದೆ. ಗೋಡೆಯ ಮೂಲೆಗೆ ಬಂದಿದೆ. ಅಲ್ಲಿಂದ ಪೈಪಿನೊಳಗೆ ಹೋಗಿದೆ.

“ಯಾವ್ ಪೈಪು?”

ನೋಡಿದೆ. ಗೋಡೆಯುದ್ದಕ್ಕೂ, ಮೂಲೆಯಿಂದ ಟೀವಿಯ ಹಿಂದಿನವರೆಗೆ, ಪಂಪಿನದೊಂದು ಹಳೆಯ ಕಬ್ಬಿಣದ ಪೈಪನ್ನು ಮೊಳೆ ಹೊಡೆದು ಕೂರಿಸಿತ್ತು. ಗೋಡೆಯ ಸುಣ್ಣವನ್ನೇ ಬಳಿದಿದ್ದರಿಂದ ಬಂದ ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅತ್ತೆಯನ್ನು ಕೇಳಿದೆ. ಅವರು ಸಹಜವಾಗಿ ಹೇಳಿದರು: “ನಿಮ್ಮಾವ ಆಕಿದ್ದು. ಮುಂದ್ಲವ್ರು ಅಷ್ಟ್ ದೊಡ್ಡ ಆಂಟೆನಾ ಆಕುದ್ರಲ್ಲ, ನಮ್ಮನೆ ಒಳಗಿರೋದ್ನೂ ಎಳ್ಕಂಡ್ಬುಟ್ಟಾರು ಅಂತ. ತೆರ್ದ ಕಾಲ್ವೇಲಿ ನೀರ್ ಓದ್ರೆ ಸೋರ್ತದೆ, ಪೈಪ್ನಲ್ ಓದ್ರೆ ಯಾರೂ ಮುಟ್ಟಕಾಗಕಿಲ್ಲ ಅಂದ್ರು.”

ನಾನು ಅದನ್ನು ಕಿಟಕಿಯಿಂದ ಹೇಳಿದೆ. ಚೆಲುವಣ್ಣ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಮುಖ ಒರೆಸಿಕೊಂಡ.

“ಕಬ್ಬಿಣದ್ದಾ?” ಎಂದ. “ಅಕ್ಕಾ, ಈ ವೈರಿಗೆ ಕಬ್ಬಿಣ ಸುತ್ಕಂಡ್ರೆ ಚಿತ್ರ ಅಲ್ಲೇ ಸತ್ತೋಯ್ತದೆ. ಗ್ವಾಡೆಗೂ ತಾಕ್ಬಾರ್ದು ಅಂತ ನಾನು ಮರದ್ ತುಂಡು ಕೊಟ್ಟು ತಂದಿರೋದು.” ಆಮೇಲೆ ದನಿ ತಗ್ಗಿಸಿ, “ಇದ್ನ ಗೌಡ್ರೇ ಮಾಡಿದ್ದಾ, ನಿಂಗೇಗೌಡ್ರು ಯಾರ್ ಕೈಲಾದ್ರೂ ಯೋಳ್ಸಿ ಮಾಡ್ಸವ್ರಾ?” ಎಂದು ಕೇಳಿದ. ಅಂಥ ಹೊತ್ತಿನಲ್ಲೂ ಅನುಮಾನ!

ನಾನು ಮೊಳೆ ಕಿತ್ತೆ, ವೈರನ್ನು ಪೈಪಿನಿಂದ ಹೊರಗೆಳೆದೆ, ಟೀವಿಗೆ ಕೊಟ್ಟೆ. ಯಾರೋ ಒಬ್ಬರು ಟೊಮೆಟೊ ಬೇಸಾಯದ ಬಗ್ಗೆ ಮಾತಾಡುತ್ತಿದ್ದರು. ಕನ್ನಡಕದ ಗಾಜಿನ ಹೊಳಪು ಕೂಡ ಕಾಣುತ್ತಿತ್ತು. “ಬಂತು” ಎಂದು ಕೂಗಿದೆ. ಹೊರಗಿನಿಂದ “ಏನ್ ಬಂತು?” ಎಂದು ಕೇಳಿದ. ಕನ್ನಡಕ, ಟೊಮೆಟೊ, ಅಂಗಿಯ ಗುಂಡಿ, ಎಲ್ಲ ಹೇಳಿದೆ. ಅವನು ಬೀದಿಯಲ್ಲಿ ನಿಂತು, ತಲೆ ಆಡಿಸುತ್ತಾ ಕೇಳಿಸಿಕೊಂಡ.

ಸಂಜೆ ಮಾವ ಬಂದು ಚಿತ್ರ ನೋಡಿ, “ಏಣಿ ಕೊಟ್ಯಾ?” ಎಂದು ಕೇಳಿದರು. ಇಲ್ಲ ಎಂದೆ. ವೈರನ್ನು ಪೈಪಿನೊಳಗೆ ತೂರಿಸಿ ತೋರಿಸಿದೆ, ಚಿತ್ರ ಹೋಯಿತು. ಹೊರಗೆಳೆದೆ, ಬಂತು. ಇನ್ನೊಂದು ಸಲ ಮಾಡಲು ಕೈ ಹಾಕಿದಾಗ “ಸಾಕು ಬುಡವ್ವ” ಎಂದು ದನಗಳ ಕಡೆ ಹೋದರು. ಅವರಿಗೆ ಅರ್ಥವಾಗಿತ್ತು. ನಾಳೆ ಡೈರಿಯಲ್ಲಿ ಒಂದು ಮಾತು ಹೇಳುತ್ತಾರೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಅವರು ಹೇಳಲಿಲ್ಲ. ನಮ್ಮ ಮನೆಯ ಚಿತ್ರ ಬಂದ ಸುದ್ದಿ ಮಾತ್ರ ಹಬ್ಬಿತು. ನೀರು ಸೇದಲು ಹೋದಾಗ ಹೆಂಗಸರು ಆಡಿಕೊಳ್ಳುತ್ತಿದ್ದರು: “ನೋಡ್ದಾ, ಏಣಿ ಕೊಡೋದ್ ನಿಲ್ಸಿದ್ದಕ್ಕೆ ಎದ್ರುಕಂಡು ಬುಟ್ಟವ್ನೆ. ಅವ್ರಪ್ಪಂದೂ ಇದೇ ಬುದ್ಧಿ.” ಚಿತ್ರ ಹೋಗಿದ್ದಕ್ಕೂ ಅವನು ಕಳ್ಳ, ಬಂದಿದ್ದಕ್ಕೂ ಅವನೇ ಕಳ್ಳ! ಅವತ್ತು ನನಗೆ ಮಾವನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ.

ಮಾರನೆಯ ಬೆಳಿಗ್ಗೆ ಮಗುವನ್ನು ಅತ್ತೆಯ ತೊಡೆಯ ಮೇಲೆ ಹಾಕಿ, ಮಾವ ಹಾಲು ತೆಗೆದುಕೊಂಡು ಹೋದ ಹಿಂದೆಯೇ ಆ ಪೈಪನ್ನು ಹೊತ್ತು ಡೈರಿಗೆ ಹೋದೆ. ಮಾವ ಸಾಲಿನ ನಡುವೆ ನಿಂತಿದ್ದರು. ನಾನು ಪೈಪನ್ನು ಹಾಲು ಅಳೆಯುವ ಕಟ್ಟೆಯ ಮುಂದೆ ದಢಾರನೆ ಹಾಕಿದೆ. “ನಮ್ಮನೆ ಚಿತ್ರ ತಡೆದಿದ್ದು ಇದು. ಗೋಡೆಗೆ ಹೊಡೆದಿತ್ತು, ನಾನೇ ಕಿತ್ತೆ. ಚೆಲುವಣ್ಣ ಏನೂ ಮಾಡಿಲ್ಲ,” ಎಂದೆ.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿಂಗೇಗೌಡರು ಕ್ಯಾನು ಕೆಳಗಿಟ್ಟು, “ಅಲ್ಲ ಕಣವ್ವ, ಬಾಣಂತಿ ಎದ್ದು ಬೀದೀಗ್ ಬರೋ ಅಷ್ಟು ಅವ್ನ್ ಮ್ಯಾಲೆ ನಿಂಗೇನು ಕನಿಕ್ರ? ಅಣ್ಣ ಅಣ್ಣ ಅಂತೀಯಂತೆ. ಗೌಡ್ರಿಲ್ದಾಗ ಮನೆತಕೆ ಬಂದಿದ್ನಂತೆ?” ಎಂದರು.

ನಗು ಜೋರಾಯಿತು. ಅಷ್ಟು ಹೊತ್ತು ಚೆಲುವಣ್ಣನ ಮೇಲಿದ್ದ ಗುಮಾನಿ ಒಂದೇ ಮಾತಿಗೆ ನನ್ನ ಮೇಲೆ ಬಂದು ಕೂತಿತ್ತು. ನಾಚಿಕೆಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ನಿಂಗ, ಬಾಯ್ ಮುಚ್ಲಾ,” ಎಂದರು ಮಾವ. ಸಾಲು ಬಿಟ್ಟು ಮುಂದೆ ಬಂದರು. “ಪೈಪ್ ಆಕಿದ್ದು ನಾನು. ನನ್ ಕೈಯಾರ ಮೊಳೆ ಒಡ್ದಿದ್ದು. ನನ್ ತಪ್ಪಿಗೆ ಅವ್ನ ಕಳ್ಳ ಅಂದೆ. ನನ್ ಸೊಸೆ ತಂಟೇಗ್ ಬಂದ್ರೆ ಸರೀಗಿರಕಿಲ್ಲ.”

ಅವರು ಮಾತಾಡಿದ್ದು ಮನೆಯ ಮರ್ಯಾದೆಗಾಗಿ, ಚೆಲುವಣ್ಣನಿಗಾಗಿ ಅಲ್ಲ. ಅದು ನನಗೂ ಗೊತ್ತು, ಅಲ್ಲಿದ್ದವರಿಗೂ ಗೊತ್ತು. ಹೇಗಾದರೂ ಆಗಲಿ, ಮಾತು ಹೊರಬಿತ್ತು. ಏಣಿಗಳು ಒಂದೊಂದಾಗಿ ಕೊಟ್ಟಿಗೆಯಿಂದ ಹೊರಬಂದವು. ಅವನು ನಮ್ಮ ಮನೆಗೂ ಬಂದ, ಮೇಲಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಲು. ಮಾವ ತಪ್ಪಾಯಿತು ಎಂದು ಹೇಳುವ ಬದಲು ಏಣಿಯ ಬುಡ ಹಿಡಿದು ನಿಂತರು. ಚೆಲುವಣ್ಣ ಮೆಟ್ಟಿಲಿಗೊಂದು ಸಲ ಕೆಳಗೆ ನೋಡುತ್ತಾ ಹತ್ತಿದ.

ಮತ್ತೆ ಕೆಲವು ವರ್ಷ ಅವನು ಊರೂರಿನ ಹೆಂಚಿನ ಮೇಲೆ ಕಾಣುತ್ತಿದ್ದ. ಏಣಿ ಕೊಟ್ಟವರು ಈಗ ಒಳಗೆ ಹೋಗುತ್ತಿರಲಿಲ್ಲ. ಅಂಗಳದಲ್ಲೇ ನಿಂತು ಅವನ ಕೈ ನೋಡುತ್ತಿದ್ದರು. ಅವನೂ ಸುಣ್ಣದ ಗೆರೆಯನ್ನು ಮನೆಯವರ ಎದುರಿಗೇ ಎಳೆಯುತ್ತಿದ್ದ. ಆಮೇಲೆ ಡಿಶ್ ಬಂತು. ಅದನ್ನು ಕೂರಿಸಲು ಅಂಗಡಿಯವರೇ ತಮ್ಮ ಏಣಿ ಹೊತ್ತು ತಂದರು, ಮನೆಯವರು ಒಳಗೆ ನಿಂತು ಕೂಗುವುದೂ ಬೇಕಾಗಲಿಲ್ಲ. ಚೆಲುವಣ್ಣ ಅದರ ಸಹವಾಸಕ್ಕೆ ಹೋಗಲಿಲ್ಲ. “ಆಕಾಸಕ್ಕೆ ಬಾಯ್ ತಕ್ಕಂಡ್ ಕೂತದೆ. ಏನ್ ನುಂಗ್ತದೋ ಏನೋ, ಯಾರಿಗ್ ಗೊತ್ತು?” ಎಂದಿದ್ದ. ಹಳೆಯ ಆಂಟೆನಾಗಳನ್ನು ಇಳಿಸುವುದಷ್ಟೇ ಅವನಿಗೆ ಉಳಿದ ಕೆಲಸ. ಈಗ ಕಂಪಲಾಪುರದಲ್ಲಿ ಮಗಳ ಮನೆಯಲ್ಲಿದ್ದಾನೆ ಎನ್ನುವವರಿದ್ದಾರೆ, ತೀರಿಕೊಂಡ ಎನ್ನುವವರೂ ಇದ್ದಾರೆ. ಕಣ್ಣಾರೆ ಕಂಡವರು ಯಾರೂ ಸಿಗದ ಕಾರಣ ನಾನು ಎರಡನ್ನೂ ನಂಬಿಲ್ಲ.

ಕಡೆಯದಾಗಿ ಅವನನ್ನು ನೋಡಿದ್ದು, ಹೆಂಚು ತೆಗೆದು ಆರ್‌ಸಿಸಿ ಹಾಕಿಸುವುದೆಂದು ತೀರ್ಮಾನವಾಗಿ ನಮ್ಮ ಆಂಟೆನಾ ಇಳಿಸಲು ಕರೆಸಿದಾಗ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾವನಿಗೆ ಆಗಲೇ ಮಂಡಿ ಹಿಡಿದಿತ್ತು. ಜಗಲಿಯ ಕಂಬಕ್ಕೆ ಒರಗಿ ಕೂತೇ ಇರುತ್ತಿದ್ದರು. ಚೆಲುವಣ್ಣ ಪೈಪು ಬಿಚ್ಚಿ, ಕಡ್ಡಿಗಳನ್ನು ಒಂದೊಂದಾಗಿ ಕೆಳಗಿಳಿಸಿ, ತಾನೂ ಇಳಿದು ಬಂದು ಅಂಗಳದಲ್ಲಿ ನಿಂತ. ಒಳಗೆ ಡಿಶ್ ಹಾಕಿಸಿದ ಹೊಸ ಬಣ್ಣದ ಟೀವಿಯಲ್ಲಿ ಭಾನುವಾರದ ಸಿನಿಮಾ ಬರುತ್ತಿತ್ತು. ನಾನು ಕಾಫಿ ಹಿಡಿದು ಬಾಗಿಲಿಗೆ ಬಂದೆ.

ಮಾವ ಮಂಡಿ ನೀವಿಕೊಂಡು ಅವನ ಕಡೆ ತಿರುಗಿದರು. ಆಮೇಲೆ, “ಚೆಲ್ವ, ಕಾಪಿ ಒಳಗೇ ಕುಡಿವಂತೆ ಬಾರ್ಲಾ. ಊರಿಗೆಲ್ಲಾ ಟೀವಿ ತೋರ್ಸಿದೋನು, ಒಂದಿನಾನೂ ಕೂತು ನೋಡ್ನಿಲ್ವಲ್ಲ ನೀನು. ಬಾ,” ಎಂದರು.

ಮಾವನ ಬಾಯಲ್ಲಿ ಆ ಮಾತು ಬಂದೀತೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಅವನು ಬರಲಿ, ದೇವರೇ, ಒಂದು ಸಲ ಬರಲಿ ಎಂದು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಚೆಲುವಣ್ಣ ನಕ್ಕ. ಆ ನಗುವಿನಲ್ಲಿ ಕುಹಕ ಇರಲಿಲ್ಲ.

“ಬ್ಯಾಡಿ ಗೌಡ್ರೇ. ಮಾಡಿನ್ ಮ್ಯಾಲಿದ್ದಾಗ್ಲೇ, ಗಾಳೀಲ್ ಬರೋದ್ನ ಕದ್ದೆ ಅಂದ್ರಿ. ಒಳೀಕ್ ಬಂದೋದ್ ಮ್ಯಾಲೆ ನಿಮ್ಮನೇಲಿ ಒಂದ್ ಚೊಂಬು ಕಾಣ್ನಿಲ್ಲ ಅಂದ್ರೆ, ನಾನ್ ಯಾರ್ ಮುಂದೆ ಓಗಿ ಯೋಳ್ಕಳ್ಳಿ?”

ಕಾಫಿಯನ್ನು ಅಂಗಳದಲ್ಲೇ ನಿಂತು ಕುಡಿದ. ಲೋಟ ತೊಳೆದು ಜಗಲಿಯ ಮೇಲೆ ಬೋರಲಿಟ್ಟ. ಕಡ್ಡಿಗಳನ್ನು ಸೈಕಲ್ಲಿಗೆ ಕಟ್ಟಿ, ಗಂಟನ್ನು ಎಳೆದು ನೋಡಿ, “ಬತ್ತೀನಿ ಅಕ್ಕ” ಎಂದು ಹೊರಟ. ಮಾವ ಅವನು ನಾಲೆಯ ಸೇತುವೆ ದಾಟುವವರೆಗೂ ನೋಡುತ್ತಲೇ ಇದ್ದರು. ಒಳಗೆ ಟೀವಿಯಲ್ಲಿ ಹಾಡು ಶುರುವಾಯಿತು.

“ಅದ್ನ ಆರ್ಸವ್ವ,” ಎಂದರು.